ಅವನು ದೇವರ ಮಗು ಅಂತೀರಿ, ಸರಿ. ದೀಕ್ಷಾಸ್ನಾನ ಯಾವಾಗ?

ಈ ಸಲ ಆರಿಸಿಕೊಂಡ ಮೂರು ಪ್ರಶ್ನೆಗಳೂ ಮೆನ್ನೊನೈಟ್ ಸಭೆಗಳ, ಅಂದ್ರೆ ಚರ್ಚುಗಳ ಬಗ್ಗೆ. ಕೂಸುಗಳಿಗೆ ಅಲ್ಲ, ದೊಡ್ಡವರಾಗಿ ತಾವೇ ಒಪ್ಪಿದವರಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಕೊಡುವ ಕ್ರೈಸ್ತ ಪಂಗಡ ಇವರದ್ದು. ಎರಡು ಅಮೆರಿಕದಿಂದ ಬಂದಿವೆ, ಒಂದು ನಮ್ಮ ರಾಯಚೂರಿನಿಂದ. ನಾನು ವಿಶೇಷ ಶಿಕ್ಷಣದ ಟೀಚರ್, ಪಾದ್ರಿ ಅಲ್ಲ. ಕಾನ್ಸಾಸ್‌ನಲ್ಲಿ ಕೆಲಸ ಮಾಡುತ್ತಿದ್ದಾಗ ಸುತ್ತಮುತ್ತ ಮೆನ್ನೊನೈಟರೇ ಜಾಸ್ತಿ ಇದ್ದರು. ಅವರ ಜೊತೆ ಹಾಡಿದ್ದೇನೆ, ಎಲ್ಲರೂ ಒಂದೊಂದು ಅಡುಗೆ ತಂದು ಹಂಚಿಕೊಳ್ಳುವ ಪಾಟ್‌ಲಕ್ ಊಟ ಮಾಡಿದ್ದೇನೆ, ಒಂದೆರಡು ಸಲ ಜಗಳವನ್ನೂ ಆಡಿದ್ದೇನೆ.

ಪ್ರಶ್ನೆ: ನಾವು ಧಾರವಾಡದವರು, ಅಜ್ಜನ ಕಾಲದಿಂದ ಬಾಸೆಲ್ ಮಿಶನ್ ಮನೆತನ. ಈಗ ಇಂಡಿಯಾನಾದ ಗೋಷನ್‌ನಲ್ಲಿ ಇದ್ದೇವೆ. ಒಂದು ವರ್ಷದಿಂದ ಇಲ್ಲಿನ ಮೆನ್ನೊನೈಟ್ ಸಭೆಗೆ ಹೋಗುತ್ತಿದ್ದೇವೆ. ಮಗನಿಗೆ 19 ವರ್ಷ, ಬುದ್ಧಿಯ ಬೆಳವಣಿಗೆ ನಿಧಾನವಾಗುವ ಡೌನ್ ಸಿಂಡ್ರೋಮ್ ಹುಟ್ಟಿನಿಂದಲೇ ಇದೆ. ಕೂಸಾಗಿದ್ದಾಗಲೇ ಊರಲ್ಲಿ ದೀಕ್ಷಾಸ್ನಾನ ಆಗಿದೆ. ಆದರೆ ಇಲ್ಲಿ ತನ್ನ ವಯಸ್ಸಿನ ಹುಡುಗರಿಗೆ ಆಗುವುದನ್ನು ನೋಡಿ ತನಗೂ ಬೇಕು ಅಂತ ಹಟ ಹಿಡಿದಿದ್ದಾನೆ. ಸಭೆಯ ಹಿರಿಯರೊಬ್ಬರು ತುಂಬಾ ಪ್ರೀತಿಯಿಂದಲೇ, 'ಅವನು ದೇವರ ಮಗು, ಅವನಿಗೆ ಅದರ ಅಗತ್ಯವೇ ಇಲ್ಲ' ಅಂದರು. ಖುಷಿ ಪಡಬೇಕೋ ಬೇಜಾರು ಮಾಡಿಕೊಳ್ಳಬೇಕೋ ಗೊತ್ತಾಗಲಿಲ್ಲ.

ಉತ್ತರ: ಎರಡೂ ಮಾಡಿಕೊಳ್ಳಿ. ಬೇಜಾರಿನ ಪಾಲು ಸ್ವಲ್ಪ ಜಾಸ್ತಿ ಇರಲಿ.

ಆ ಹಿರಿಯರು ಕೆಟ್ಟ ಮಾತು ಆಡಿಲ್ಲ. ಚಿಕ್ಕ ಮಕ್ಕಳು ಹೇಗೂ ದೇವರ ಕೈಯಲ್ಲಿ ಕ್ಷೇಮವಾಗಿದ್ದಾರೆ, ಅವರಿಗೆ ದೀಕ್ಷಾಸ್ನಾನದ ಅವಸರ ಇಲ್ಲ ಅನ್ನುವುದು ಅವರ ಪರಂಪರೆಯ ನಂಬಿಕೆ. ಅದನ್ನೇ ಎಳೆದು ನಿಮ್ಮ ಮಗನಿಗೂ ಹೊದಿಸಿದ್ದಾರೆ. ಆದರೆ ಅವನು ಚಿಕ್ಕ ಮಗು ಅಲ್ಲವಲ್ಲ. ಗಡ್ಡ ಮೀಸೆ ಬಂದ ಹುಡುಗ, ತನಗೆ ಏನು ಬೇಕು ಅಂತ ಬಾಯಿಬಿಟ್ಟು ಹೇಳಿದ್ದಾನೆ. ಆ ಸಭೆಗಳಲ್ಲಿ ದೀಕ್ಷಾಸ್ನಾನಕ್ಕೂ ಸದಸ್ಯತ್ವಕ್ಕೂ ಗಂಟು ಇದೆ. ಸದಸ್ಯ ಅಲ್ಲ ಅಂದ್ರೆ ಸಭೆಯ ಮೀಟಿಂಗ್‌ನಲ್ಲಿ ಅವನ ಮಾತಿಗೆ ಜಾಗ ಇಲ್ಲ, ಜವಾಬ್ದಾರಿಯ ಪಟ್ಟಿಯಲ್ಲಿ ಹೆಸರಿಲ್ಲ. ಮೂವತ್ತಾದರೂ ನಲವತ್ತಾದರೂ ಅವನು ಎಲ್ಲರ ಮುದ್ದಿನ ಅತಿಥಿ. ಪ್ರೀತಿಯಿಂದ ಕೊಟ್ಟ ವಿನಾಯಿತಿಯೇ ಒಂದು ಬಾಗಿಲು ಹಾಕಿಬಿಡುತ್ತದೆ.

ಇನ್ನೊಂದು ಕಡೆಯನ್ನೂ ನೋಡಬೇಕು. 1525ರ ಜನವರಿ 21ರ ರಾತ್ರಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನ ಒಂದು ಮನೆಯಲ್ಲಿ ಕಾನ್ರಾಡ್ ಗ್ರೇಬೆಲ್ ಅನ್ನುವವರು ಜಾರ್ಜ್ ಬ್ಲೌರಾಕ್‌ಗೆ ದೀಕ್ಷಾಸ್ನಾನ ಮಾಡಿಸಿದರು. ಆ ಕೋಣೆಯಲ್ಲಿ ಇದ್ದವರಿಗೆಲ್ಲ ಕೂಸಾಗಿದ್ದಾಗಲೇ ದೀಕ್ಷಾಸ್ನಾನ ಆಗಿತ್ತು, ಊರಿನ ಆಡಳಿತವೂ ಕೂಸುಗಳಿಗೆ ಮಾಡಿಸಲೇಬೇಕು ಅಂತ ಆಜ್ಞೆ ಹೊರಡಿಸಿತ್ತು. ಅದಕ್ಕೇ ಇವರಿಗೆ ಆನಾಬ್ಯಾಪ್ಟಿಸ್ಟ್, ಅಂದ್ರೆ ಮತ್ತೊಮ್ಮೆ ದೀಕ್ಷಾಸ್ನಾನ ಮಾಡಿಸುವವರು, ಅಂತ ಅಡ್ಡಹೆಸರು ಬಿತ್ತು. ಮೆನ್ನೊನೈಟರು ಈ ಪರಂಪರೆಯವರೇ. ಆ ಗುಂಪಿನ ಫೆಲಿಕ್ಸ್ ಮಾಂಟ್ಸ್‌ರನ್ನು ಎರಡೇ ವರ್ಷಕ್ಕೆ, 1527ರ ಜನವರಿಯಲ್ಲಿ, ಕಟ್ಟಿಹಾಕಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. 'ನಾನೇ ತಿಳಿದು, ನನ್ನ ಬಾಯಿಂದಲೇ ಒಪ್ಪಬೇಕು' ಅನ್ನುವ ಮಾತಿಗೆ ಇವರು ಕೊಟ್ಟ ಬೆಲೆ ಅದು. ಹಾಗಾಗಿ ಆ ಹಿರಿಯರ ಅಳುಕನ್ನು ಸುಮ್ನೆ ತಳ್ಳಿಹಾಕಬೇಡಿ. ನಿಮ್ಮ ಮಿಶನ್ ಹುಟ್ಟಿದ ಬಾಸೆಲ್ ಇದೆಯಲ್ಲ, ಜ್ಯೂರಿಕ್ ಅಲ್ಲಿಂದ ರೈಲಿನಲ್ಲಿ ಒಂದು ಗಂಟೆಯ ದಾರಿ. ಹತ್ತಿರದ ಎರಡು ಊರುಗಳ ಹಳೆಯ ವಾದ ಧಾರವಾಡ ಸುತ್ತಿಕೊಂಡು ಈಗ ಗೋಷನ್‌ನಲ್ಲಿ ನಿಮ್ಮ ಮನೆಯ ಡೈನಿಂಗ್ ಟೇಬಲ್ಲಿಗೆ ಬಂದು ಕೂತಿದೆ.

ಆದರೆ 'ತಿಳಿದು' ಅಂದ್ರೆ ಏನು? ಆ ಕಾಲದವರೇ ಆದ ಹಾನ್ಸ್ ಡೆಂಕ್ ಹೇಳಿದ್ದರ ಸಾರ ಇಷ್ಟು: ಕ್ರಿಸ್ತನ ಹಿಂದೆ ಬದುಕಿನಲ್ಲಿ ನಡೆಯದವನು ಕ್ರಿಸ್ತನನ್ನು ನಿಜವಾಗಿ ತಿಳಿಯಲಾರ. (ಡೆಂಕ್ ಪ್ಲೇಗಿಗೆ ಸಿಕ್ಕಿ ತೀರಿಕೊಂಡಿದ್ದು ಬಾಸೆಲ್‌ನಲ್ಲೇ!) ಅಂದ್ರೆ ಮೊದಲು ಪಾಠ, ಆಮೇಲೆ ನಡಿಗೆ ಅಂತ ಅಲ್ಲ, ನಡೀತಾ ನಡೀತಾನೇ ತಿಳಿಯೋದು. ತ್ರಿಯೇಕ ದೇವರ ಬಗ್ಗೆ ಅರ್ಧ ಗಂಟೆ ಮಾತಾಡು ಅಂದ್ರೆ ಆ ಸಭೆಯ ಎಷ್ಟು ಜನ ಪಾಸಾಗುತ್ತಾರೆ ಅಂತ ಬೇಕಾದರೆ ನಗುನಗುತ್ತಾ ಕೇಳಿ ನೋಡಿ. ನಿಮ್ಮ ಮಗ ಯಾರ ಪಕ್ಕ ಹೋಗಿ ಕೂರುತ್ತಾನೆ, ಯಾರಾದರೂ ಅತ್ತರೆ ಏನು ಮಾಡುತ್ತಾನೆ, ಯಾರ ಹೆಸರು ಹೇಳಿ ಪ್ರಾರ್ಥನೆ ಮಾಡುತ್ತಾನೆ, ಇವನ್ನೆಲ್ಲ ಒಂದು ತಿಂಗಳು ಬರೆದಿಡಿ. ಪಾಸ್ಟರ್ ಜೊತೆ ಮಾತಾಡುವಾಗ ಆ ಹಾಳೆ ತೆಗೆದುಕೊಂಡು ಹೋಗಿ.

ಕಾನ್ಸಾಸ್‌ನಲ್ಲಿ ಇಂಥದ್ದೇ ಒಬ್ಬ ಹುಡುಗನ ತಯಾರಿಯಲ್ಲಿ ನಾನೂ ಇದ್ದೆ. ಅವನಿಗೆ ಮಾತು ಕಡಿಮೆ. ಪಾಸ್ಟರ್ ಪಾಠದ ಪುಸ್ತಕ ಬದಿಗಿಟ್ಟು ಆರು ಫೋಟೊ ತಂದರು, ಆರೂ ಆ ಸಭೆಯದ್ದೇ: ಊಟದ ಮೇಜು, ಹಾಡುವ ಗುಂಪು, ಆಸ್ಪತ್ರೆಯಲ್ಲಿದ್ದ ಒಬ್ಬ ಅಜ್ಜಿ, ಹೀಗೆ. 'ಯೇಸು ಎಲ್ಲಿ?' ಅಂತ ಕೇಳಿದರು. ಹುಡುಗ ಅಜ್ಜಿಯ ಫೋಟೊ ಎತ್ತಿಕೊಂಡವನು ವಾಪಸ್ ಕೊಡಲೇ ಇಲ್ಲ. ನಮಗೆ ಇದ್ದ ದೊಡ್ಡ ಚಿಂತೆ ದೇವಶಾಸ್ತ್ರದ್ದಲ್ಲ, ನೀರಿನದ್ದು. ತಲೆ ಮೇಲೆ ದಿಢೀರ್ ತಣ್ಣೀರು ಬಿದ್ದರೆ ಅವನು ಬೆಚ್ಚಿಬೀಳುತ್ತಿದ್ದ. ಅದಕ್ಕೆ ಮೂರು ಬುಧವಾರ ಖಾಲಿ ಚರ್ಚಿನಲ್ಲಿ ಪ್ರಾಕ್ಟೀಸ್ ಮಾಡಿದೆವು. ಬೆಚ್ಚಗಿನ ನೀರು, ಅವನೇ ಆರಿಸಿದ ಹಸಿರು ಜಗ್ಗು, ಮೊದಲು ಅವನು ಪಾಸ್ಟರ್ ತಲೆ ಮೇಲೆ ಸುರಿಯೋದು, ಆಮೇಲೆ ಅವರು ಇವನಿಗೆ. ಭಾನುವಾರ ಪ್ರಶ್ನೆ ಕೇಳಿದಾಗ ಹೆಬ್ಬೆರಳು ಎತ್ತಿದ, ಒಂದಲ್ಲ, ಎರಡೂ.

ನಿಮ್ಮ ವಿಷಯದಲ್ಲಿ ಇನ್ನೊಂದು ದಾರಿಯೂ ಇರಬಹುದು. ಕೂಸಿನ ದೀಕ್ಷಾಸ್ನಾನವನ್ನು ಒಪ್ಪಿಕೊಂಡು, ದೊಡ್ಡವನಾಗಿ ಅದಕ್ಕೆ ಹೂಂ ಅಂದರೆ ಸಾಕು ಅನ್ನುವ ಮೆನ್ನೊನೈಟ್ ಸಭೆಗಳೂ ಇವೆ. ನಿಮ್ಮದು ಯಾವ ಥರ ಅಂತ ಕೇಳಿ. ಅದು ಊರಲ್ಲಿರುವ ಅಜ್ಜ ಅಜ್ಜಿಗೂ ಸಮಾಧಾನ. ಆದರೆ ಎರಡರಲ್ಲಿ ಯಾವುದು ಅಂತ ಮಗನನ್ನೇ ಕೇಳಿ, ಅವನ ಪರವಾಗಿ ನೀವು ಒಪ್ಪಂದ ಮಾಡಿಕೊಂಡು ಬರಬೇಡಿ.

ನೀವು ಒಬ್ಬರೇ ಹೊಡೆದಾಡಬೇಕಾಗಿಯೂ ಇಲ್ಲ. ಆನಾಬ್ಯಾಪ್ಟಿಸ್ಟ್ ಡಿಸೆಬಿಲಿಟೀಸ್ ನೆಟ್‌ವರ್ಕ್ ಅನ್ನುವ ಸಂಸ್ಥೆ ಬೆಳೆದಿದ್ದೇ ನಿಮ್ಮ ಎಲ್ಕಾರ್ಟ್, ಗೋಷನ್ ಕಡೆ. ಅದರ ಜೊತೆ ಫೀಲ್ಡ್ ಅಸೋಸಿಯೇಟ್ ಅಂತ ಸ್ವಯಂಸೇವಕರು ಇರುತ್ತಾರೆ. ತಾವೇ ಅಂಗವೈಕಲ್ಯದ ಜೊತೆ ಬದುಕುವವರು, ಮಕ್ಕಳನ್ನು ಬೆಳೆಸಿದ ಅಪ್ಪ ಅಮ್ಮಂದಿರು, ಈ ಕ್ಷೇತ್ರದಲ್ಲಿ ದುಡಿದ ಪಾಸ್ಟರ್‌ಗಳು, ಇಂಥವರು. ನಿಮ್ಮ ಪಾಸ್ಟರ್‌ಗೆ ಇಂಥ ಒಬ್ಬರ ಜೊತೆ ಮಾತಾಡಿ ಅಂತ ಹೇಳಿ. ಪಾಸ್ಟರ್‌ಗಳು ತಾಯಿ ತಂದೆ ಮಾತಿಗಿಂತ ಇನ್ನೊಬ್ಬ ಪಾಸ್ಟರ್ ಮಾತು ಬೇಗ ಕೇಳುತ್ತಾರೆ, ಏನು ಮಾಡೋಣ. ಆ ಕಡೆಯ ಸಭೆಗಳಲ್ಲಿ ಒಬ್ಬ ವ್ಯಕ್ತಿಯ ಸುತ್ತ ನಾಲ್ಕೈದು ಜನರ ಬಳಗ ಕಟ್ಟುವ ಪದ್ಧತಿಯೂ ಉಂಟು. ತಪ್ಪದೆ ಸೇರುತ್ತಾರೆ, ಕೆಲಸ, ಓಡಾಟ, ಗೆಳೆತನ, ಎಲ್ಲ ಮಾತಾಡುತ್ತಾರೆ. 'ನಾವು ಹೋದ ಮೇಲೆ ಇವನಿಗೆ ಯಾರು?' ಅನ್ನುವ, ರಾತ್ರಿ ನಿದ್ದೆ ಕೆಡಿಸುವ ಪ್ರಶ್ನೆ ಇದೆಯಲ್ಲ, ಅದನ್ನು ಜೋರಾಗಿ ಕೇಳಲು ಅದೇ ಜಾಗ.

ಪ್ರಶ್ನೆ: ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ಇದ್ದೇನೆ, ಗಾಲಿಕುರ್ಚಿ ಬಳಸುತ್ತೇನೆ. ಗೆಳತಿಯ ಜೊತೆ ಚರ್ಚಿಗೆ ಹೋಗಲು ಶುರು ಮಾಡಿದೆ. ಶುಭ ಶುಕ್ರವಾರದ ಹಿಂದಿನ ರಾತ್ರಿ ಇಬ್ಬಿಬ್ಬರು ಜೋಡಿಯಾಗಿ ಒಬ್ಬರ ಪಾದ ಇನ್ನೊಬ್ಬರು ತೊಳೆಯುವ ವಿಧಿ ಇತ್ತು. ನನಗೆ, 'ನೀವು ಆರಾಮಾಗಿ ಕೂತಿರಿ, ನಿಮ್ಮ ಪಾದ ನಾವು ತೊಳೆಯುತ್ತೇವೆ' ಅಂದರು. ನನಗ್ಯಾಕೋ ಕಿರಿಕಿರಿ ಆಯಿತು. ನಾನು ಜಾಸ್ತಿ ಸೂಕ್ಷ್ಮ ಆದೆನಾ?

ಉತ್ತರ: ಇಲ್ಲ. ಆ ವಿಧಿಯ ಜೀವವೇ ಸರದಿಯಲ್ಲಿ ಇದೆ, ತೊಳೆಸಿಕೊಂಡವರು ತೊಳೆಯಬೇಕು. ಅರ್ಧ ಮಾತ್ರ ನಿಮಗೆ ಕೊಟ್ಟಿದ್ದಾರೆ.

ಇಷ್ಟು ಒಳ್ಳೆಯ ಜನ ಹೀಗೆ ಯಾಕೆ ಮಾಡುತ್ತಾರೆ ಅಂದ್ರೆ, ಅವರಿಗೆ ಸಹಾಯ ಮಾಡುವುದು ರಕ್ತಗತ. ಎರಡನೇ ಮಹಾಯುದ್ಧದಲ್ಲಿ ಬಂದೂಕು ಹಿಡಿಯಲ್ಲ ಅಂದ ಸುಮಾರು 12,000 ಜನರನ್ನು ಅಮೆರಿಕ ಸರ್ಕಾರ ಬೇರೆ ಕೆಲಸಗಳಿಗೆ ಹಾಕಿತು. ಯುದ್ಧ ಒಪ್ಪದ ಕ್ರೈಸ್ತ ಪಂಗಡಗಳಾದ ಮೆನ್ನೊನೈಟರು, ಬ್ರದರನ್, ಕ್ವೇಕರರು ಅವರಲ್ಲಿ ಮುಖ್ಯ. ಸುಮಾರು 3,000 ಜನ ಹೋಗಿದ್ದು ಮಾನಸಿಕ ಆಸ್ಪತ್ರೆಗಳಿಗೆ ಮತ್ತು ಬುದ್ಧಿಮಾಂದ್ಯ ಅಂತ ಆಗ ಕರೆಯುತ್ತಿದ್ದವರನ್ನು ಇಟ್ಟ ಸಂಸ್ಥೆಗಳಿಗೆ. ಅಲ್ಲಿನ ನರಕ ನೋಡಿ ಸುಮ್ಮನಿರದೆ ಫೋಟೊ ಸಮೇತ ಹೊರಗೆ ಹಾಕಿದರು, 1946ರಲ್ಲಿ ಲೈಫ್ ಪತ್ರಿಕೆಯಲ್ಲಿ ಬಂದು ದೇಶ ಬೆಚ್ಚಿತು. ಯುದ್ಧ ಮುಗಿದ ಮೇಲೆ ಮೆನ್ನೊನೈಟರು ತಾವೇ ಆಸ್ಪತ್ರೆಗಳನ್ನು ಕಟ್ಟಿದರು. 1949ರಲ್ಲಿ ಮೇರಿಲ್ಯಾಂಡ್‌ನ ಬ್ರೂಕ್ ಲೇನ್, 1954ರಲ್ಲಿ ಕಾನ್ಸಾಸ್‌ನ ನ್ಯೂಟನ್‌ನಲ್ಲಿ ಪ್ರೇರಿ ವ್ಯೂ. ನನಗೆ ಇದರ ಬಗ್ಗೆ ಬಹಳ ಗೌರವ ಇದೆ. ಆದರೆ ಮೂರು ತಲೆಮಾರು ಬರೀ ಕೊಡುವ ಕೈ ಆಗಿದ್ದವರಿಗೆ, ಚಾಚಿದ ಇನ್ನೊಂದು ಕೈಯೂ ಏನೋ ಕೊಡಲು ಬಂದಿದೆ ಅಂತ ಬೇಗ ಹೊಳೆಯೋದಿಲ್ಲ.

ಮಾಡುವ ಕೆಲಸ ಸುಲಭ. ನೀರಿನ ಬೋಗುಣಿಯನ್ನು ನೆಲದಿಂದ ಎತ್ತಿ ಗಟ್ಟಿಯಾದ ಸ್ಟೂಲಿನ ಮೇಲೆ ಇಡಿ, ನಿಮ್ಮ ಜೋಡಿಯವರು ಎತ್ತರದ ಕುರ್ಚಿಯಲ್ಲಿ ಕೂರಲಿ. ಆಗದಿದ್ದರೆ ಕೈ ತೊಳೆಯುವುದು, ಅದನ್ನು ಈಗಾಗಲೇ ಬಹಳ ಸಭೆಗಳಲ್ಲಿ ಮಾಡುತ್ತಾರೆ. ಒಂದೇ ಷರತ್ತು ಹಾಕಿ: ಕೈ ತೊಳೆಯುವ ಮೇಜು ನಿಮಗೊಬ್ಬರಿಗೇ ಅಂತ ಮೂಲೆಯಲ್ಲಿ ಬೇಡ. ಮಂಡಿ ನೋವಿನ ಅಜ್ಜಂದಿರು ಎಷ್ಟು ಜನ ಖುಷಿಯಿಂದ ಅದೇ ಸಾಲಿಗೆ ಬರುತ್ತಾರೆ ನೋಡಿ.

ಹೇಗೂ ಬರೆಯುತ್ತಿದ್ದೇನೆ, ಕಟ್ಟಡದ್ದೂ ಹೇಳಿಬಿಡುತ್ತೇನೆ. 1990ರ ಅಮೆರಿಕದ ಅಂಗವೈಕಲ್ಯ ಕಾಯ್ದೆ ಅಂಗಡಿ ಹೋಟೆಲಿಗೆ ಹಾಕಿದ ಷರತ್ತುಗಳಿಂದ ಚರ್ಚುಗಳನ್ನು ಹೊರಗಿಟ್ಟಿದೆ. ಕಾನೂನು ತೋರಿಸಿ ಹೆದರಿಸಲು ಆಗಲ್ಲ, ಅವರಿಗೇ ಅನ್ನಿಸಬೇಕು. ಬಾಗಿಲಿಗೆ ರ‍್ಯಾಂಪ್ ಮಾಡಿ ಫೋಟೊ ಹೊಡೆಸಿಕೊಳ್ಳುತ್ತಾರೆ, ವೇದಿಕೆಗೆ ಇರೋದಿಲ್ಲ. ಅಂದ್ರೆ ನೀವು ಕೇಳಲು ಬರಬಹುದು, ವಾಕ್ಯ ಓದಲು ಬರುವಂತಿಲ್ಲ. ಒಂದು ಅಡಿ ಎತ್ತರಕ್ಕೆ 12 ಅಡಿ ಉದ್ದದ ರ‍್ಯಾಂಪ್ ಬೇಕು. ಎರಡು ಅಡಿ ವೇದಿಕೆ ಇದ್ದರೆ 24 ಅಡಿ, ಬೆಂಚುಗಳೆಲ್ಲ ಕೀಳಬೇಕಾಗುತ್ತದೆ. ಜಾಗ ಇಲ್ಲ ಅಂದ್ರೆ ಮೈಕನ್ನು ಕೆಳಗೆ ತಂದು ಎಲ್ಲರೂ ಕೆಳಗಿನಿಂದಲೇ ಓದಲಿ ಅನ್ನಿ. ಪೈಸೆ ಖರ್ಚಿಲ್ಲ. ಮಧ್ಯದ ಎರಡು ಬೆಂಚುಗಳನ್ನು ಮೂರು ಅಡಿ ಕುಯ್ಯಿಸಿದರೆ ನೀವು ಹಿಂದಿನ ಗೋಡೆಗೆ ಒರಗದೆ ಗೆಳತಿಯ ಪಕ್ಕದಲ್ಲೇ ಕೂರಬಹುದು. ಮೆನ್ನೊನೈಟರೂ, ಅವರ ಸೋದರ ಪಂಗಡವಾದ ಅಮಿಶ್ ಜನರೂ ಸೇರಿ ಬಡಗಿಗಳೇ ತುಂಬಿರುವ ಲ್ಯಾಂಕಾಸ್ಟರ್‌ನಲ್ಲಿ ಗರಗಸಕ್ಕೆ ಬರ ಇಲ್ಲ ಅಲ್ವಾ!

ಪ್ರಶ್ನೆ: ರಾಯಚೂರಿನವನು. ಅಕ್ಕನನ್ನು ಗದ್ವಾಲ ಕಡೆ ಕೊಟ್ಟಿದ್ದೇವೆ, ಅಲ್ಲಿನ ಎಂ.ಬಿ. ಚರ್ಚಿಗೆ, ಅಂದ್ರೆ ಮೆನ್ನೊನೈಟ್ ಬ್ರದರನ್ ಸಭೆಗೆ ಹೋಗುತ್ತಾಳೆ. ಪೋಲಿಯೋದಿಂದ ಒಂದು ಕಾಲು ಸ್ವಾಧೀನ ಇಲ್ಲ. ಬ್ಯಾಂಕಿನಲ್ಲಿ ಕೆಲಸ. ಪ್ರತಿ ವಾರ ಯಾರಾದರೂ ತಲೆ ಮೇಲೆ ಕೈಯಿಟ್ಟು ಕಾಲು ವಾಸಿಯಾಗಲಿ ಅಂತ ಪ್ರಾರ್ಥನೆ ಮಾಡುತ್ತಾರೆ. ಅವಳಿಗೆ ಸಾಕಾಗಿದೆ. ಹೇಗೆ ಹೇಳೋದು?

ಉತ್ತರ: ನೇರವಾಗಿ, ಆದರೆ ಬೈಬಲ್ ಹಿಡಿದುಕೊಂಡು. ನಾಲ್ಕು ಜನ ಮನೆಯ ಮಾಳಿಗೆ ಕಿತ್ತು ಪಾರ್ಶ್ವವಾಯು ರೋಗಿಯನ್ನು ಯೇಸುವಿನ ಮುಂದೆ ಇಳಿಸಿದ ಕಥೆ ಮಾರ್ಕನ ಸುವಾರ್ತೆಯಲ್ಲಿ ಇದೆ. ಅಮೆರಿಕದ ಚರ್ಚ್ ಆಫ್ ದ ಬ್ರದರನ್‌ನವರು, ಅಂಗವೈಕಲ್ಯ ಇರುವವರಿಗೆ ದಾರಿ ಮಾಡಿಕೊಟ್ಟ ಸಭೆಗಳಿಗೆ ಕೊಡುತ್ತಿದ್ದ ಪ್ರಶಸ್ತಿಗೆ 'ತೆರೆದ ಮಾಳಿಗೆ' ಅಂತಲೇ ಹೆಸರಿಟ್ಟಿದ್ದರು. ಆದರೆ ಈ ಕಥೆ ಹೇಳಿದರೆ, 'ಅವನು ಎದ್ದು ನಡೆದನಲ್ಲ' ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಅದಕ್ಕೆ ನಾನು ಮೋಶೆಯ ಕಥೆ ಹೇಳೋದು. ಗುಲಾಮರಾಗಿದ್ದ ನಿನ್ನ ಜನರನ್ನು ಬಿಡಿಸಿಕೊಂಡು ಬಾ ಅಂತ ದೇವರು ಕರೆದಾಗ, ನನಗೆ ಮಾತು ಬರಲ್ಲ, ನನ್ನ ನಾಲಿಗೆ ಮಂದ ಅಂದ ಮೋಶೆ. ದೇವರು ನಾಲಿಗೆ ರಿಪೇರಿ ಮಾಡಲಿಲ್ಲ. ಮಾತಾಡಲು ಅಣ್ಣ ಆರೋನನನ್ನು ಜೊತೆಗೆ ಕೊಟ್ಟ, ಕೆಲಸ ಮಾತ್ರ ಮೋಶೆಯ ಕೈಯಲ್ಲೇ ಉಳಿಯಿತು.

ಪ್ರಾರ್ಥನೆ ಬೇಡ ಅನ್ನಬೇಕಾಗಿಲ್ಲ. ಕೈಯಿಡುವ ಮುಂಚೆ 'ಏನಕ್ಕಾಗಿ ಪ್ರಾರ್ಥಿಸಲಿ?' ಅಂತ ಕೇಳಿ ಅಂತ ಅಕ್ಕನೇ ಹೇಳಲಿ. ಅವರಿಗೆ ಬಹುಶಃ ಟ್ರಾನ್ಸ್‌ಫರ್ ಚಿಂತೆ ಇರಬಹುದು, ಮಗಳ ಕಾಲೇಜಿನ ಚಿಂತೆ ಇರಬಹುದು, ಕಾಲಿನದ್ದು ಎಷ್ಟನೆಯದೋ! ಇನ್ನು, ಅಕ್ಕ ಬ್ಯಾಂಕಿನವರು ಅಂತ ಬರೆದಿದ್ದೀರಿ. ಆ ಸಭೆಯ ಲೆಕ್ಕ ಯಾರು ಬರೆಯುತ್ತಿದ್ದಾರೆ? ಕಮಿಟಿ ಮೀಟಿಂಗ್ ಮೆಟ್ಟಿಲು ಹತ್ತಿ ಹೋಗುವ ಮೇಲಿನ ಕೋಣೆಯಲ್ಲಿ ನಡೆಯುತ್ತಿದ್ದರೆ, ಮುಂದಿನ ತಿಂಗಳಿಂದ ಕೆಳಗೆ ಬೇವಿನ ಮರದ ಅಡಿ ನಾಲ್ಕು ಕುರ್ಚಿ ಹಾಕಿಸಿ.