ಮೆಣಸಿನ ದುಡ್ಡಿನ ಮಠ, ಹೆಸರು ಬದಲಾದ ಸೇತುವೆ

ಪ್ರಶ್ನೆ (ಸಿರಸಿಯಿಂದ): ಮಗಳ ಜೊತೆ ಪೋರ್ಚುಗಲ್‌ಗೆ ಹೊರಟಿದ್ದೇವೆ. ಲಿಸ್ಬನ್‌ನಲ್ಲಿ ಒಂದೇ ದಿನ. ಯಾವುದನ್ನು ತಪ್ಪಿಸಬಾರದು?

ಉತ್ತರ: ಊರಿನ ಪಶ್ಚಿಮ ಅಂಚಿನ ಬೆಲೆಂ ಬಡಾವಣೆಯಲ್ಲಿರುವ ಜೆರೋನಿಮೊಸ್ ಮಠ. ಎಲ್ಲರೂ ಫೋಟೋ ಹಾಕುವುದು ನದಿ ದಂಡೆಯ ಬೆಲೆಂ ಗೋಪುರದ್ದು. ಅದನ್ನು ಹೊರಗಿನಿಂದ ನೋಡಿದರೆ ಸಾಕು, ಸುಮ್ನೆ ಕ್ಯೂ ನಿಂತು ಹೊತ್ತು ಕಳೆಯಬೇಡಿ. ಸಿರಸಿಯವರಂತೂ ಮಠ ನೋಡಲೇಬೇಕು, ಅದು ಎದ್ದಿದ್ದರಲ್ಲಿ ಕಾಳುಮೆಣಸಿನ ದುಡ್ಡೂ ಇದೆ! ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆ ಮುಟ್ಟಿದ ಮೇಲೆ ರಾಜ ಮನುಯೆಲ್ ಆಫ್ರಿಕಾ ಮತ್ತು ಪೂರ್ವ ದೇಶಗಳ ವ್ಯಾಪಾರದ ಮೇಲೆ ನೂರಕ್ಕೆ ಐದರಂತೆ ತೆರಿಗೆ ಹಾಕಿ ಆ ಹಣವನ್ನು ಈ ಮಠಕ್ಕೆ ಸುರಿದ. ಕಟ್ಟಿ ಮುಗಿಸಲು ಹೆಚ್ಚುಕಡಿಮೆ 100 ವರ್ಷ ಹಿಡಿಯಿತು. ಆ ನೂರು ವರ್ಷದೊಳಗೇ ಇತ್ತ ಗೇರುಸೊಪ್ಪೆಯಲ್ಲಿ ಚೆನ್ನಭೈರಾದೇವಿ ಆಳುತ್ತಿದ್ದಳು, ಪೋರ್ಚುಗೀಸರು ಅವಳನ್ನು ಮೆಣಸಿನ ರಾಣಿ ಅಂತಲೇ ಕರೆಯುತ್ತಿದ್ದರು. ಗಾಮ 1524ರಲ್ಲಿ ಸತ್ತಿದ್ದು ಕೊಚ್ಚಿಯಲ್ಲಿ, ಸಮಾಧಿ ಇರುವುದು ಈ ಮಠದ ಚರ್ಚಿನಲ್ಲಿ. ಸೋಮವಾರ ಮಠ ಮುಚ್ಚಿರುತ್ತದೆ, ದಿನ ನೋಡಿಕೊಂಡು ಹೋಗಿ.

ಪ್ರಶ್ನೆ (ಮೈಸೂರಿನಿಂದ): ಲಿಸ್ಬನ್ ಅಷ್ಟು ಹಳೆಯ ಊರು, ಆದರೆ ನಡುಪೇಟೆಯ ಬೀದಿಗಳು ಗೆರೆ ಎಳೆದ ಹಾಗೆ ನೇರ. ಯಾಕೆ?

ಉತ್ತರ: ಹಳೆಯ ಪೇಟೆ ಉಳಿಯಲೇ ಇಲ್ಲ. 1755ರ ನವೆಂಬರ್ 1ರ ಬೆಳಿಗ್ಗೆ ಭೂಕಂಪವಾಯಿತು. ಅವತ್ತು ಎಲ್ಲ ಸಂತರ ಹಬ್ಬ, ಚರ್ಚುಗಳಲ್ಲಿ ಜನ ತುಂಬಿದ್ದರು, ಮೇಣದಬತ್ತಿ ಉರಿಯುತ್ತಿದ್ದವು. ಮೊದಲು ನೆಲ ನಡುಗಿತು, ಆಮೇಲೆ ಸುನಾಮಿಯ ನೀರು ನುಗ್ಗಿತು, ಬೆಂಕಿಯಂತೂ ದಿನಗಟ್ಟಲೆ ಉರಿಯಿತು. ರಾಜ ಜೊಸೆ ಬೆಲೆಂ ಕಡೆ ಇದ್ದುದರಿಂದ ಬಚಾವಾದ, ಆದರೆ ಎಷ್ಟು ಹೆದರಿದ ಅಂದರೆ ಮತ್ತೆ ಕಲ್ಲಿನ ಅರಮನೆಯಲ್ಲಿ ಮಲಗಲು ಒಪ್ಪದೆ, ಗುಡ್ಡದ ಮೇಲೆ ಮರದಲ್ಲಿ ಕಟ್ಟಿಸಿಕೊಂಡ ಅರಮನೆಯಲ್ಲೇ ಸಂಸಾರ ಮಾಡಿದ. ಊರು ಕಟ್ಟಿಸುವ ಕೆಲಸ ಮಂತ್ರಿ ಪೊಂಬಾಲ್ ಹೆಗಲಿಗೆ ಬಿತ್ತು. ಅಗಲ ಬೀದಿ, ನೇರ ಸಾಲು, ಮತ್ತೆ ನಡುಗಿದರೆ ತಡೆಯಲಿ ಅಂತ ಗೋಡೆಯೊಳಗೆ ಮರದ ಪಂಜರ. ಛಾವಣಿ ಬಿದ್ದ ಕಾರ್ಮೊ ಚರ್ಚನ್ನು ಇವತ್ತಿಗೂ ಹಾಗೇ ಬಿಟ್ಟಿದ್ದಾರೆ. ನನ್ನನ್ನು ಕೇಳಿದರೆ ಊರಿನ ಯಾವ ಅರಮನೆಗಿಂತಲೂ ಅದೇ ಜಾಸ್ತಿ ಹೇಳುತ್ತದೆ.

ಪ್ರಶ್ನೆ (ಹುಬ್ಬಳ್ಳಿಯಿಂದ): ಅಲ್ಲಿನ ಕೆಂಪು ತೂಗುಸೇತುವೆ ಅಮೆರಿಕದ ಗೋಲ್ಡನ್ ಗೇಟ್ ಥರಾನೇ ಇದೆ ಅಲ್ವಾ?

ಉತ್ತರ: ಹೌದು, ನೋಡಲು ಅದೇ ಬಣ್ಣ, ಅದೇ ಥರದ ತೂಗುಸೇತುವೆ. 1966ರಲ್ಲಿ ತೆರೆದಾಗ ಇದಕ್ಕೆ ಸರ್ವಾಧಿಕಾರಿ ಸಲಜಾರ್ ಹೆಸರಿಟ್ಟಿದ್ದರು. 1974ರ ಏಪ್ರಿಲ್ 25ರಂದು ಸೈನಿಕರೇ ಅವನು ಕಟ್ಟಿದ ಆಡಳಿತವನ್ನು ಕಿತ್ತೆಸೆದರು, ಜನ ಅವರ ಬಂದೂಕಿನ ನಳಿಗೆಗೆ ಕಾರ್ನೇಶನ್ ಹೂವು ಸಿಕ್ಕಿಸಿದರು. ಈಗ ಸೇತುವೆಯ ಹೆಸರು ಏಪ್ರಿಲ್ 25.

ಪ್ರಶ್ನೆ (ಕಾರವಾರದಿಂದ): 1961ರವರೆಗೂ ಗೋವಾ ಬಿಡಲು ಒಪ್ಪದ ದೇಶಕ್ಕೆ ಸ್ವಾತಂತ್ರ್ಯ ದಿನ ಅಂತ ಏನಾದರೂ ಇದೆಯಾ?

ಉತ್ತರ: ಇದೆ ರೀ! 1580ರಿಂದ 60 ವರ್ಷ ಅವರನ್ನು ಆಳಿದ್ದು ಸ್ಪೇನ್‌ನ ರಾಜರು. 1640ರ ಡಿಸೆಂಬರ್ 1ರಂದು ಅವರ ಆಳ್ವಿಕೆ ಕೊಡವಿಕೊಂಡರು, ಆ ದಿನ ಈಗಲೂ ಸರ್ಕಾರಿ ರಜೆ. ರಾಷ್ಟ್ರೀಯ ದಿನ ಮಾತ್ರ ಬೇರೆ, ಜೂನ್ 10. ಅದು ಯುದ್ಧ ಗೆದ್ದ ದಿನ ಅಲ್ಲ, ಕಮೊಯಿಂಶ್ ಅನ್ನುವ ಕವಿ ತೀರಿಕೊಂಡ ದಿನ.