ಪಿಯಾನೊ ಪೆಡಲ್ ಬಿಗಿಯಾಗಿದೆ, ಎಣ್ಣೆ ಬಿಡಬಹುದೇ?

ಪ್ರಶ್ನೆ: ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಅಪ್‌ರೈಟ್ ಪಿಯಾನೊ ತೆಗೆದುಕೊಂಡೆವು. ಈ ಮಳೆಗಾಲ ಶುರುವಾದ ಮೇಲೆ ಬಲಗಡೆಯ ಪೆಡಲ್ ಬಿಗಿಯಾಗಿದೆ. ಕಾಲು ತೆಗೆದರೂ ನಿಧಾನಕ್ಕೆ ಮೇಲೆ ಬರುತ್ತದೆ. ಮಗಳು ನುಡಿಸುವಾಗ ಸ್ವರಗಳೆಲ್ಲ ಕಲಸಿಹೋಗುತ್ತವೆ. ಹೊಲಿಗೆ ಮಿಷನ್ ಎಣ್ಣೆ ಬಿಡೋಣ ಅನ್ನುತ್ತಾರೆ ನಮ್ಮ ಯಜಮಾನರು. ಬಿಡಬಹುದೇ?
– ಓದುಗರೊಬ್ಬರು, ಬಸವನಗುಡಿ

ಉತ್ತರ: ದಯವಿಟ್ಟು ಬೇಡ. ಪೆಡಲ್ ತಿರುಗುವ ಜಾಗದಲ್ಲಿ ಬರೀ ಕಬ್ಬಿಣ ಇರುವುದಿಲ್ಲ. ಮರ, ಫೆಲ್ಟ್ (ಒತ್ತಿ ಮಾಡಿದ ದಪ್ಪ ಉಣ್ಣೆ ಬಟ್ಟೆ), ಚರ್ಮ ಎಲ್ಲ ಇರುತ್ತವೆ. ಫೆಲ್ಟ್ ಎಣ್ಣೆ ಕುಡಿದರೆ ಉಬ್ಬುತ್ತದೆ, ಮೇಲೆ ಧೂಳು ಹಿಡಿದು ಅಂಟಾಗುತ್ತದೆ. ನಾಲ್ಕು ದಿನ ಚೆನ್ನಾಗಿದ್ದು ಆಮೇಲೆ ಮೊದಲಿಗಿಂತ ಜಾಸ್ತಿ ಬಿಗಿ. ಕೊಬ್ಬರಿ ಎಣ್ಣೆ ಬಿಟ್ಟ ಪಿಯಾನೊವನ್ನೂ ನೋಡಿದ್ದೇನೆ, ಅದರ ಕಥೆ ಬೇಡ ಬಿಡಿ!

ಬಿಗಿ ಎಲ್ಲಿದೆ ಅಂತ ಮೊದಲು ಹುಡುಕಬೇಕು. ಮಂಡಿಯ ಎದುರಿಗಿರುವ ಕೆಳಗಿನ ಹಲಗೆಯನ್ನು ತೆಗೆಯಿರಿ. ಸಾಮಾನ್ಯವಾಗಿ ಅದರ ಮೇಲಂಚಿನಲ್ಲಿ ಒಂದು ಪಟ್ಟಿ ಸ್ಪ್ರಿಂಗ್ ಇರುತ್ತದೆ, ಅದನ್ನು ಮೇಲಕ್ಕೆ ಒತ್ತಿದರೆ ಹಲಗೆ ಮುಂದಕ್ಕೆ ಬರುತ್ತದೆ. ಒಳಗೆ ಪೆಡಲ್‌ಗೆ ಸೇರಿಕೊಂಡ ಒಂದು ಅಡ್ಡ ಸನ್ನೆ (ಲಿವರ್), ಅದರ ತುದಿಯಲ್ಲಿ ನೆಟ್ಟಗೆ ನಿಂತ ಮರದ ಕೋಲು ಕಾಣುತ್ತದೆ. ಪೆಡಲ್ ಒತ್ತಿದಾಗ ಈ ಕೋಲು ಮೇಲಕ್ಕೆ ಹೋಗಿ, ತಂತಿಗಳ ಸದ್ದು ನಿಲ್ಲಿಸುವ ಡ್ಯಾಂಪರ್‌ಗಳನ್ನೆಲ್ಲ ಒಟ್ಟಿಗೆ ಸರಿಸುತ್ತದೆ. ಕೋಲನ್ನು ಸ್ವಲ್ಪ ಎತ್ತಿ ಸನ್ನೆಯಿಂದ ಬಿಡಿಸಿ. ಈಗ ಪೆಡಲ್ ಮಾತ್ರ ಒತ್ತಿ ನೋಡಿ.

ಆಗಲೂ ಬಿಗಿ ಇದ್ದರೆ ತೊಂದರೆ ಕೆಳಗಡೆಯೇ. ಮಳೆಗಾಲದಲ್ಲಿ ಶುರುವಾಗಿದೆ ಅಂದಿದ್ದೀರಿ, ಅಲ್ವಾ? ನನಗೆ ಅನುಮಾನ ಅಲ್ಲೇ. ತೇವಕ್ಕೆ ಮರ, ಫೆಲ್ಟ್ ಉಬ್ಬುತ್ತವೆ, ಪೆಡಲ್ ತಿರುಗುವ ಪಿನ್ನಿಗೆ ತುಕ್ಕು ಹಿಡಿಯುತ್ತದೆ. ಪೆಡಲ್ ಹೊರಗೆ ಬರುವ ಸೀಳಿನ ಅಂಚನ್ನೂ ನೋಡಿ, ಪಕ್ಕಕ್ಕೆ ಉಜ್ಜಿದ್ದರೆ ಹಿತ್ತಾಳೆ ಅಲ್ಲಿ ಮಾತ್ರ ಹೊಳೆಯುತ್ತಿರುತ್ತದೆ. ಇಲಿ ಗೂಡು, ಬಿದ್ದ ಪೆನ್ಸಿಲ್ ಕೂಡ ಸಿಗಬಹುದು. ಧೂಳನ್ನು ವ್ಯಾಕ್ಯೂಮಿನಲ್ಲಿ ಎಳೆಯಿರಿ. ಪಿನ್ ಬಿಚ್ಚಿ ಸಣ್ಣ ಎಮರಿ ಪೇಪರ್‌ನಲ್ಲಿ ತುಕ್ಕು ತೆಗೆದು, ಅದರ ಮೇಲೆ ಮೆತ್ತನೆಯ ಪೆನ್ಸಿಲ್ ಸೀಸ ಚೆನ್ನಾಗಿ ಉಜ್ಜಿ. ಬೀಗಕ್ಕೆ ಹಾಕುವ ಗ್ರಾಫೈಟ್ ಪುಡಿ ಎಸ್.ಜೆ.ಪಿ. ರೋಡಿನ ಹಾರ್ಡ್‌ವೇರ್ ಅಂಗಡಿಗಳಲ್ಲಿ ವಿಚಾರಿಸಿ, ಅದೂ ಆಗುತ್ತದೆ. ಚರ್ಮಕ್ಕೆ ಚಿಟಿಕೆ ಟಾಲ್ಕಂ ಪೌಡರ್ ಸಾಕು. ಸನ್ನೆಯ ಕೆಳಗಿನ ಸ್ಪ್ರಿಂಗ್ ಜಾಗ ತಪ್ಪಿದ್ದರೆ ಸರಿಪಡಿಸಿ, ಬೆರಳು ಜೋಪಾನ.

ಜೋಡಿಸುವಾಗ ಒಂದು ವಿಷಯ. ಪೆಡಲ್ ಒತ್ತಿದ ಕೂಡಲೇ ಡ್ಯಾಂಪರ್ ಏಳಬಾರದು, ಕೆಲವು ಮಿಲಿಮೀಟರ್ ಸಡಿಲ ಇರಬೇಕು. ಪೆಡಲನ್ನು ಸನ್ನೆಗೆ ಸೇರಿಸುವ ನಟ್ ತೀರಾ ಬಿಗಿ ಮಾಡಿದರೆ ಡ್ಯಾಂಪರ್ ತಂತಿಯ ಮೇಲೆ ಪೂರ್ತಿ ಕೂರುವುದೇ ಇಲ್ಲ. ನಿಮ್ಮ ಮಗಳ ಸ್ವರ ಕಲಸಿಹೋಗುವುದಕ್ಕೆ ಅದೂ ಒಂದು ಕಾರಣ ಇರಬಹುದು.

ಕೋಲು ಬಿಡಿಸಿದ ಮೇಲೆ ಪೆಡಲ್ ಸಲೀಸಾಗಿ ಆಡಿದರೆ ತೊಂದರೆ ಮೇಲ್ಗಡೆ, ಡ್ಯಾಂಪರ್ ಎತ್ತುವ ರಾಡಿನ ಹತ್ತಿರ. ಅದಕ್ಕೆ ತಂತಿಗೆ ಹೊಡೆಯುವ ಹ್ಯಾಮರ್‌ಗಳಿರುವ ಇಡೀ ಭಾಗವನ್ನೇ ಹೊರಗೆ ತೆಗೆಯಬೇಕು, ಸುಮ್ನೆ ಕೈ ಹಾಕಬೇಡಿ. ಟ್ಯೂನರ್‌ಗೆ ಫೋನ್ ಮಾಡಿ, 'ಕೋಲು ಬಿಡಿಸಿದರೆ ಪೆಡಲ್ ಸರಿ ಇದೆ' ಅಂತ ಮೊದಲೇ ಹೇಳಿಬಿಡಿ. ಬೇಕಾದ ಪಿನ್ನು, ಫೆಲ್ಟು ಜೊತೆಗೇ ತರುತ್ತಾರೆ.