ಡಬ್ಬಿಯನ್ನು ನಾಲ್ಕು ಹೆಜ್ಜೆ ಆಚೆ ಇಡಿ

ಓದುಗರ ಪತ್ರ: ರಾಯಚೂರಿನ ಗಂಜ್ ಮಾರುಕಟ್ಟೆ ಹತ್ತಿರ ನಮ್ಮದೊಂದು ಚಹಾ ಅಂಗಡಿ ಇದೆ. ಪಕ್ಕದಲ್ಲೇ ಪಾನ್ ಡಬ್ಬಿ, ಬೀಡಿ ಸಿಗರೇಟ್ ಮಾರುವ ಸಣ್ಣ ಅಂಗಡಿ. ದಿನಾ ಬೆಳಿಗ್ಗೆ ಕಸ ಹೊಡೆದರೆ ಅರ್ಧ ಮೊರ ಸಿಗರೇಟ್ ತುಂಡು, ಬೀಡಿ ಮೋಟು ಸಿಗುತ್ತವೆ. ಬೇಸತ್ತು ಎರಡು ತಿಂಗಳ ಹಿಂದೆ ಬಾಗಿಲಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ ಇಟ್ಟೆ. ಕೆಲವರು ಹಾಕಿದರು, ಜಾಸ್ತಿ ಜನ ಹಾಕಲಿಲ್ಲ. ಒಂದು ಮಧ್ಯಾಹ್ನ ಅದರಲ್ಲಿದ್ದ ಚಹಾ ಕಪ್ಪುಗಳಿಗೆ ಕಿಡಿ ತಗುಲಿ ಬಕೆಟ್ಟೇ ಕರಗಿತು. ಪರಿಚಯದ ಹಿರಿಯರೊಬ್ಬರು, "ಡಬ್ಬಿ ಇಟ್ಟರೆ ಸೇದುವವರನ್ನು ಕರೆದ ಹಾಗೆ, ತೆಗೆದುಬಿಡಮ್ಮ" ಅಂದರು. ಇಡಬೇಕಾ, ಬಿಡಬೇಕಾ? ಬಸ್ ಸ್ಟ್ಯಾಂಡಿನಲ್ಲೂ ಇಂಥ ಡಬ್ಬಿ ಇಡಿಸಿ ಅಂತ ನೀವು ಪತ್ರಿಕೆಯಲ್ಲಿ ಬರೆಯಬಾರದೇ?

ಸಂಪಾದಕರ ಉತ್ತರ:

ಅಕ್ಕಾ, ನಮಸ್ಕಾರ.

ಡಬ್ಬಿ ಇಡಿ. ಹಿರಿಯರು ಅಂದರೆಂದು ತೆಗೆಯಬೇಡಿ. ಆದರೆ ಬಾಗಿಲಲ್ಲಿ ಬೇಡ. ಪ್ಲಾಸ್ಟಿಕ್ಕಿನದು ಖಂಡಿತ ಬೇಡ. ಚಹಾ ಕಪ್ಪು ಹಾಕುವ ಬಕೆಟ್ ಬೇರೆ, ಇದು ಬೇರೆ ಇರಲಿ.

ಮೊದಲು ಆ ಕರಗಿದ ಬಕೆಟ್ಟಿನ ಮಾತು. ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಅದೇ. ಸಿಗರೇಟ್ ಎಳೆಯುವಾಗ ಅದರ ತುದಿ ಸುಮಾರು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಕೈಯಿಂದ ಬಿಟ್ಟ ಮೇಲೂ ಕೆಲವು ನಿಮಿಷ ತಾನೇ ಒಳಗೊಳಗೆ ಉರಿಯುತ್ತಿರುತ್ತದೆ. ಬೀಡಿ ಹಾಗಲ್ಲ. ಎಳೆಯದೆ ಬಿಟ್ಟರೆ ಬೇಗ ಆರುತ್ತದೆ. ಅದಕ್ಕೇ ನಮ್ಮ ಹಮಾಲರು ಒಂದೇ ಬೀಡಿಗೆ ಎರಡು ಮೂರು ಸಲ ಕಡ್ಡಿ ಗೀರುವುದು. ಹಳೆಯ ಬೀಡಿ ಅಭ್ಯಾಸದಲ್ಲೇ ಸಿಗರೇಟನ್ನೂ ಎಸೆಯುತ್ತಾರೆ, ತಾನೇ ಆರುತ್ತದೆ ಅಂತ. ಆರುವುದಿಲ್ಲ. ಕಾಗದದ ಕಪ್ಪಿನ ಒಳಗೆ ಪ್ಲಾಸ್ಟಿಕ್ಕಿನ ತೆಳು ಪದರ ಬೇರೆ ಇರುತ್ತದೆ. ಏಪ್ರಿಲ್, ಮೇ ತಿಂಗಳ ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ಒಣಗಿದ ಕಪ್ಪಿಗೆ ಬೆಂಕಿ ಹತ್ತಲು ಎಷ್ಟು ಹೊತ್ತು ಬೇಕು?

ನಿಮ್ಮ ಅಂಗಡಿ ಇರುವುದು ಗಂಜ್ ಪಕ್ಕ. ಸುಗ್ಗಿಯಲ್ಲಿ ಹತ್ತಿ ಅಂಡಿಗೆ ತುಂಬಿದ ಗಾಡಿಗಳು ನಿಮ್ಮ ಮುಂದೆಯೇ ಸಾಲು ನಿಂತಿರುತ್ತವೆ, ಅಲ್ವಾ? ಹತ್ತಿಯ ಬೆಂಕಿ ಬಲು ಮೋಸದ್ದು. ಕಿಡಿ ಒಳಗೆ ಸೇರಿದರೆ ಹೊರಗೆ ಉರಿ ಕಾಣುವುದಿಲ್ಲ. ಒಳಗೇ ಕಾಯುತ್ತಾ ಗಂಟೆಗಟ್ಟಲೆ, ಒಮ್ಮೊಮ್ಮೆ ದಿನಗಟ್ಟಲೆ ಇರುತ್ತದೆ. ಹೊಗೆ ಕಂಡಾಗ ಬಹಳ ತಡವಾಗಿರುತ್ತದೆ.

ನಾನು ಚಿಕ್ಕವನಿದ್ದಾಗ ಅಪ್ಪನ ಜೊತೆ ಹತ್ತಿ ಜಿನ್ನಿಂಗ್ ಮಿಲ್ಲಿಗೆ ಹೋಗುತ್ತಿದ್ದೆ. ಗೇಟಿನಲ್ಲಿ ಒಬ್ಬ ಮುದುಕ ಕಾವಲುಗಾರ. ಅವನ ಪಕ್ಕ ಉಸುಕು ತುಂಬಿದ ಕೆಂಪು ಬಕೆಟ್. ಯಾರೇ ಬರಲಿ, ಅವನು ಕೈ ಚಾಚುತ್ತಿದ್ದ. ಬೀಡಿ ಕಟ್ಟು, ಬೆಂಕಿಪೊಟ್ಟಣ ಅವನ ಕೈಗೆ ಕೊಟ್ಟೇ ಒಳಗೆ ಹೋಗಬೇಕು. ಸೇದುತ್ತಿದ್ದವರು ಉಸುಕಿನಲ್ಲಿ ಮೋಟು ಚುಚ್ಚಬೇಕು. ಮಿಲ್ಲಿನ ಮಾಲೀಕರು ಬಂದರೂ ಅವನು ಸುಮ್ನೆ ಬಿಡುತ್ತಿರಲಿಲ್ಲ. ಸಂಜೆ ಅವನೇ ಉಸುಕು ಸಾಣಿಗೆಯಲ್ಲಿ ಹಿಡಿದು ಮೋಟುಗಳನ್ನು ಬೇರೆ ಮಾಡುತ್ತಿದ್ದ. ನಿಮ್ಮ ಪತ್ರ ಓದಿದಾಗ ನನಗೆ ನೆನಪಾಗಿದ್ದು ಆ ಮುದುಕ. ಬಕೆಟ್ ಇದ್ದ ಜಾಗ ನೋಡಿ. ಅದು ಗೇಟಿನಲ್ಲಿ ಇತ್ತು. ಸೇದುವುದು ಮುಗಿಯಲೇಬೇಕಾದ ಜಾಗದಲ್ಲಿ. ದಿನಾ ಅದನ್ನು ನೋಡಿಕೊಳ್ಳುವ ಒಬ್ಬ ಮನುಷ್ಯನೂ ಅಲ್ಲಿದ್ದ.

ನಿಮ್ಮ ಬಕೆಟ್ ಬಾಗಿಲಲ್ಲಿತ್ತು. ಗಿರಾಕಿಗಳು ಎಲ್ಲಿ ನಿಲ್ಲುತ್ತಾರೆ? ಒಂದು ದಿನ ಗಲ್ಲೆಯಲ್ಲಿ ಕೂತು ನೋಡಿ. ಪಾನ್ ಡಬ್ಬಿಯಲ್ಲಿ ಸಿಗರೇಟ್ ಕೊಳ್ಳುತ್ತಾರೆ, ಅಲ್ಲೇ ಹಚ್ಚುತ್ತಾರೆ. ನಿಮ್ಮಲ್ಲಿ ಚಹಾ ತೆಗೆದುಕೊಂಡು ರಸ್ತೆ ಅಂಚಿನ ನೆರಳಿಗೆ ಹೋಗುತ್ತಾರೆ. ಆಟೋ ಬಂತು, ಫೋನ್ ಬಂತು, ತುಂಡು ಕೆಳಗೆ ಬಿತ್ತು. ಬಾಗಿಲಿಗೆ ವಾಪಸ್ ಬಂದು ಬಗ್ಗಿ ಹಾಕುವವರು ಎಷ್ಟು ಜನ? ಹಾಗಾಗಿ ಡಬ್ಬಿ ನಾಲ್ಕು ಹೆಜ್ಜೆ ಆಚೆ ಹೋಗಬೇಕು. ಕೊನೆಯ ದಮ್ಮು ಎಳೆಯುವ ಜಾಗಕ್ಕೆ.

ಅಮೆರಿಕದಲ್ಲಿ 2009ರಲ್ಲಿ ಇದನ್ನೇ ನಿಂತು ನೋಡಿ ಲೆಕ್ಕ ಹಾಕಿದ್ದಾರೆ. ಅಲ್ಲಿಯೂ 100 ತುಂಡಿನಲ್ಲಿ 65 ಕಸದ ಜಾಗ ಬಿಟ್ಟು ಬೇರೆಲ್ಲೋ ಬೀಳುತ್ತಿದ್ದವು. ಒಂದೊಂದು ಬೂದಿ ಡಬ್ಬಿ ಹೆಚ್ಚಾದಂತೆ ಎಸೆಯುವುದು ಸುಮಾರು ಶೇ. 9ರಷ್ಟು ಇಳಿಯಿತು. ಒಂದು ಡಬ್ಬಿಯಿಂದ ಅಂಗಳ ಪೂರ್ತಿ ಚೊಕ್ಕಟವಾಗುತ್ತದೆ ಅಂತ ನಾನು ನಿಮಗೆ ಆಸೆ ಹುಟ್ಟಿಸುವುದಿಲ್ಲ. ಮೊದಲೇ ಕಸ ಬಿದ್ದಿರುವ ಕಡೆ ಜನ ಇನ್ನೂ ಜಾಸ್ತಿ ಎಸೆಯುತ್ತಾರೆ ಅನ್ನುವುದೂ ಅಲ್ಲಿ ಕಂಡಿತು. ಅಂದರೆ ನೀವು ಬೆಳಿಗ್ಗೆ ಕಸ ಹೊಡೆಯುತ್ತೀರಲ್ಲ, ಆ ಕೆಲಸವೂ ಎಸೆಯುವುದನ್ನು ಕಡಿಮೆ ಮಾಡುತ್ತದೆ. ಮಧ್ಯಾಹ್ನವೂ ಒಂದು ಸಲ ಕಸಬರಿಗೆ ಆಡಿಸಿದರೆ ಸಂಜೆ ಬೀಳುವುದು ಇನ್ನೂ ಕಡಿಮೆಯಾಗುತ್ತದೆ.

ಡಬ್ಬಿಗೆ ಖರ್ಚು ಜಾಸ್ತಿ ಬೇಡ. 15 ಕೆಜಿ ಎಣ್ಣೆಯ ತಗಡಿನ ಡಬ್ಬಿ ನಿಮ್ಮ ಅಂಗಡಿಯಲ್ಲೇ ಖಾಲಿ ಬಿದ್ದಿರುತ್ತದೆ. ಚೆನ್ನಾಗಿ ತೊಳೆದು ಎಣ್ಣೆ ಜಿಡ್ಡು ಪೂರ್ತಿ ತೆಗೆಯಿರಿ. ಕೆಳಗೆ ಒಂದು ಗೇಣು ಒಣ ಉಸುಕು ಹಾಕಿ. ಮೇಲೆ ಬಿಗಿಯಾದ ತಗಡಿನ ಮುಚ್ಚಳ ಇರಲಿ, ಅದರಲ್ಲಿ ಹೆಬ್ಬೆರಳು ಹೋಗುವಷ್ಟು ಮೂರು ನಾಲ್ಕು ತೂತು. ತೂತು ಸಣ್ಣದಿರಬೇಕು. ಕಪ್ಪು ಹಿಡಿಸಬಾರದು, ಗುಟ್ಕಾ ಚೀಟಿಗೂ ಸುಲಭವಾಗಬಾರದು. ಸಿಗರೇಟ್ ದಪ್ಪ ಹೆಚ್ಚೆಂದರೆ 8 ಮಿಲಿಮೀಟರ್, ಅದು ಆರಾಮಾಗಿ ಇಳಿಯುತ್ತದೆ. ಗಾಳಿ ಸಾಲದೆ ಒಳಗೆ ಬಿದ್ದದ್ದು ಆರುತ್ತದೆ. ವೆಲ್ಡಿಂಗ್ ಅಂಗಡಿಯವರಿಗೆ ಹೇಳಿ ಸೊಂಟದ ಎತ್ತರಕ್ಕೆ ಕಬ್ಬಿಣದ ಕಾಲು ಕೂಡಿಸಿ. ಬಗ್ಗಬೇಕಾದ ಡಬ್ಬಿಯನ್ನು ಯಾರೂ ಬಳಸುವುದಿಲ್ಲ. ಕಂಬಕ್ಕೆ ಸರಪಳಿ ಬಿಗಿಯಿರಿ, ಇಲ್ಲವಾದರೆ ಒಂದೇ ವಾರಕ್ಕೆ ಗುಜರಿ ಸೇರುತ್ತದೆ.

ನೀರು ಹಾಕಿಡಬೇಡಿ. ಬೆಂಕಿ ಆರುತ್ತದೆ, ನಿಜ. ಆದರೆ ಆ ನೀರು ವಿಷವಾಗುತ್ತದೆ. ಅದನ್ನು ನೀವು ಕೊನೆಗೆ ಚರಂಡಿಗೋ ಗಿಡಕ್ಕೋ ಚೆಲ್ಲಬೇಕಾಗುತ್ತದೆ.

ವಿಷ ಅಂದದ್ದು ಮಾತಿಗೆ ಅಲ್ಲ. ಸಿಗರೇಟಿನ ಹಿಂಬದಿಯ ಬಿಳಿ ಫಿಲ್ಟರ್ ಹತ್ತಿಯದು ಅಂತ ಎಷ್ಟೋ ಜನ ತಿಳಿದಿದ್ದಾರೆ. ಹತ್ತಿ ಬೆಳೆಯುವ ಊರಿನವರಾದ ನಾವೂ ಹಾಗೇ ಅಂದುಕೊಳ್ಳುತ್ತೇವೆ, ನೋಡಲು ಹಾಗೇ ಇದೆ. ಅದು ಸೆಲ್ಯುಲೋಸ್ ಅಸಿಟೇಟ್, ಒಂದು ಬಗೆಯ ಪ್ಲಾಸ್ಟಿಕ್ ನೂಲು. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಹೊಗೆಯಿಂದ ಹಿಡಿದಿಟ್ಟ ನಿಕೋಟಿನ್, ಲೋಹದ ಅಂಶ ಎಲ್ಲ ಅದರಲ್ಲೇ ಇರುತ್ತವೆ. 2011ರಲ್ಲಿ ಸ್ಯಾನ್ ಡಿಯಾಗೊದ ಸಂಶೋಧಕರು ಸೇದಿದ ಸಿಗರೇಟ್ ತುಂಡುಗಳನ್ನು ನೀರಲ್ಲಿ ನೆನೆಸಿ ಮೀನು ಬಿಟ್ಟು ನೋಡಿದರು. ಒಂದು ಲೀಟರ್ ನೀರಿಗೆ ಸುಮಾರು ಒಂದೇ ತುಂಡು. ನಾಲ್ಕು ದಿನದಲ್ಲಿ ಅರ್ಧ ಮೀನು ಸತ್ತವು. ಜಗತ್ತಿನಲ್ಲಿ ವರ್ಷಕ್ಕೆ ಹೀಗೆ ಎಸೆಯುವ ತುಂಡುಗಳು ಸುಮಾರು 4.5 ಲಕ್ಷ ಕೋಟಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅಷ್ಟು ದೊಡ್ಡ ಲೆಕ್ಕ ನನ್ನ ತಲೆಗೆ ಹತ್ತುವುದಿಲ್ಲ. ನಿಮ್ಮ ಅರ್ಧ ಮೊರ ಹತ್ತುತ್ತದೆ. ಮೊದಲ ಮಳೆಗೆ ಅದು ಚರಂಡಿ ಸೇರುತ್ತದೆ. ಚರಂಡಿಯಿಂದ ಹಳ್ಳ. ನಮ್ಮ ಜಿಲ್ಲೆಯ ಒಂದು ಬದಿಗೆ ಕೃಷ್ಣೆ, ಇನ್ನೊಂದು ಬದಿಗೆ ತುಂಗಭದ್ರೆ. ಹಳ್ಳ ಬೇರೆ ಎಲ್ಲಿಗೆ ಹೋದೀತು?

ಬೀಡಿ ಮೋಟಿಗೆ ಫಿಲ್ಟರ್ ಇಲ್ಲ. ಎಲೆ ಕೊಳೆಯುತ್ತದೆ. ಆದರೂ ಅದರಲ್ಲಿ ಉಳಿದ ತಂಬಾಕು ತಂಬಾಕೇ. ಅದನ್ನೂ ಅದೇ ಡಬ್ಬಿಗೆ ಹಾಕಿಸಿ.

ಇನ್ನು ಆ ಹಿರಿಯರ ಮಾತು. ಅವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ, ಅದನ್ನು ಬಿಟ್ಟುಕೊಡಬಾರದು. ಸಾರ್ವಜನಿಕ ಜಾಗದಲ್ಲಿ ಸೇದಬಾರದು ಅನ್ನುವ ಕಾನೂನು 2003ರದ್ದು. ಅದರ ನಿಯಮಗಳು 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿವೆ. ಅಂಥ ಜಾಗದಲ್ಲಿ ಆಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಏನನ್ನೂ ಇಡುವಂತಿಲ್ಲ ಅಂತ ನಿಯಮದಲ್ಲೇ ಬರೆದಿದೆ. ಬೆಂಚು ಹಾಕಿ ಕೂರಿಸುವ ನಿಮ್ಮ ಅಂಗಡಿ ಒಳಗೂ ಇದೇ ಲೆಕ್ಕ. ಬಾಗಿಲಲ್ಲಿ 60 ಸೆಂಟಿಮೀಟರ್ ಉದ್ದ, 30 ಸೆಂಟಿಮೀಟರ್ ಅಗಲದ ಫಲಕ ಹಾಕಬೇಕು, ಇಲ್ಲಿ ಧೂಮಪಾನ ಅಪರಾಧ ಅಂತ. ದಂಡ ಮೊದಲು 200 ರೂಪಾಯಿವರೆಗೆ ಇತ್ತು. ನಮ್ಮ ರಾಜ್ಯದ ತಿದ್ದುಪಡಿ ಬಂದ ಮೇಲೆ 1000 ರೂಪಾಯಿವರೆಗೆ ಏರಿದೆ. ತಂಬಾಕು ಕೊಳ್ಳುವ ವಯಸ್ಸೂ 18ರಿಂದ 21 ಆಗಿದೆ. ಪಕ್ಕದ ಪಾನ್ ಡಬ್ಬಿಯವರಿಗೆ ಇದನ್ನು ಹೇಳಿ. ಕಾಲೇಜು ಹುಡುಗರು ನಿಮ್ಮ ಮುಂದೆಯೇ ನಿಂತು ಹಚ್ಚುತ್ತಿದ್ದರೆ ನೀವೂ ಮಾತಾಡಿ. ಅಕ್ಕ ಹೇಳಿದರೆ ಕೇಳುವ ಹುಡುಗರು ಇನ್ನೂ ಇದ್ದಾರೆ.

ಹಾಗಾಗಿ ಡಬ್ಬಿ ನಿಮ್ಮ ಮಾಡಿನ ಹೊರಗೆ, ರಸ್ತೆ ಅಂಚಿಗೇ ಇರಬೇಕು. ಅದರ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡದಾಗಿ ಬರೆಸಿ: "ಒಳಗೆ ಬರುವ ಮೊದಲು ಇಲ್ಲಿ ಆರಿಸಿ." ಇದನ್ನು ಓದಿದವರಿಗೆ ಸೇದಲು ಕರೆದಂತೆ ಅನ್ನಿಸುವುದಿಲ್ಲ. ಹಿರಿಯರಿಗೂ ತೋರಿಸಿ, ಅವರು ಒಪ್ಪುತ್ತಾರೆ ಅಂತ ನನಗೆ ನಂಬಿಕೆ ಇದೆ.

ಬಸ್ ಸ್ಟ್ಯಾಂಡಿಗೂ ಇದೇ ಉತ್ತರ. ಬಯಲಲ್ಲಿ ಇದ್ದರೂ ಬಸ್ ನಿಲ್ದಾಣ, ರೈಲು ನಿಲ್ದಾಣ ಎರಡೂ ಆ ನಿಯಮದೊಳಗೆ ಬರುತ್ತವೆ. ಪ್ಲಾಟ್‌ಫಾರಂ ಮೇಲೆ ಡಬ್ಬಿ ಇಡಿಸಿ ಅಂತ ನಾನು ಬರೆಯಲಾರೆ. ಅಲ್ಲಿ ಮಕ್ಕಳನ್ನು ಎತ್ತಿಕೊಂಡ ತಾಯಂದಿರು ಗಂಟೆಗಟ್ಟಲೆ ಕೂತಿರುತ್ತಾರೆ. ಅಲ್ಲಿ ಬೇಕಾಗಿರುವುದು ದಂಡ. ಆದರೆ ಗೇಟಿನ ಹೊರಗೆ, ಆಟೋ ನಿಲ್ಲುವ ಕಡೆ ಡಬ್ಬಿ ಬೇಕು ಅಂತ ಖಂಡಿತ ಬರೆಯುತ್ತೇನೆ. ಅದನ್ನು ಯಾರು, ಯಾವ ದಿನ ಖಾಲಿ ಮಾಡುತ್ತಾರೆ ಅನ್ನುವುದನ್ನೂ ಅದೇ ಹಾಳೆಯಲ್ಲಿ ಕೇಳುತ್ತೇನೆ. ಉದ್ಘಾಟನೆಯ ದಿನ ಹೊಳೆಯುವ ಸ್ಟೀಲ್ ಡಬ್ಬಿ ಮೂರನೇ ತಿಂಗಳಿಗೆ ಎಲೆ ಅಡಿಕೆ ಉಗಿಯುವ ತೊಟ್ಟಿ ಆಗಿದ್ದನ್ನು ನಾನು ಎಷ್ಟೋ ಊರಲ್ಲಿ ನೋಡಿ ಹೊಟ್ಟೆ ಉರಿಸಿಕೊಂಡಿದ್ದೇನೆ.

ಲಂಡನ್ನಿನಲ್ಲಿ 2015ರಲ್ಲಿ ಒಂದು ಉಪಾಯ ಮಾಡಿದ್ದರು. ಗಾಜಿನ ಮುಖದ ಹಳದಿ ಡಬ್ಬಿ, ಎರಡು ತೂತು. ಮೇಲೊಂದು ಪ್ರಶ್ನೆ, ರೊನಾಲ್ಡೊ ದೊಡ್ಡ ಆಟಗಾರನೋ ಮೆಸ್ಸಿಯೋ ಅಂತ. ಸೇದಿದವರು ತುಂಡನ್ನೇ ವೋಟಿನ ಹಾಗೆ ಹಾಕಬೇಕು. ಜನ ಮುಗಿಬಿದ್ದು ಹಾಕಿದರಂತೆ. ಶುಂಠಿ ಚಹಾನೋ ಏಲಕ್ಕಿ ಚಹಾನೋ ಅಂತ ನೀವೂ ಬರೆಸಬಹುದು. ಆದರೆ ನಿಮ್ಮ ಮುಂದೆ ಶಾಲೆ ಮಕ್ಕಳು ಓಡಾಡುತ್ತಿದ್ದರೆ ಬೇಡ ಅಂತ ನನ್ನ ಮನಸ್ಸು ಹೇಳುತ್ತದೆ. ಸಿಗರೇಟ್ ಅವರ ಕಣ್ಣಿಗೆ ಆಟದ ಸಾಮಾನಿನ ಹಾಗೆ ಕಾಣಬಾರದು.

ಖರ್ಚಿನ ಬಗ್ಗೆ ನೀವು ಕೇಳಿಲ್ಲ. ನಾನೇ ಹೇಳುತ್ತೇನೆ. ಸಿಗರೇಟ್ ಮಾಡಿದವರು ದುಡ್ಡು ಮಾಡಿಕೊಳ್ಳುತ್ತಾರೆ, ತುಂಡು ಹೆಕ್ಕುವವರು ಮಾತ್ರ ನೀವು ಮತ್ತು ಪೌರಕಾರ್ಮಿಕರು. ಇದು ನನಗೆ ಸರಿ ಕಾಣುವುದಿಲ್ಲ. ಯುರೋಪಿನ ದೇಶಗಳ ಒಕ್ಕೂಟ 2019ರಲ್ಲಿ ಕಾನೂನು ಮಾಡಿ, ಫಿಲ್ಟರ್ ಇರುವ ಸಿಗರೇಟ್ ಮಾಡುವವರೇ ಈ ಕಸ ತೆಗೆಯುವ ಖರ್ಚು ಕೊಡಬೇಕು ಅಂತ ಹೇಳಿತು. ನಮ್ಮಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2020ರಲ್ಲಿ ಈ ತುಂಡುಗಳ ವಿಲೇವಾರಿಗೆ ಮಾರ್ಗಸೂಚಿ ಮಾಡಿ ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಗೆ ಹೇಳಿತು. ಕಾಗದದ ಮಾತು ಗಂಜ್ ರಸ್ತೆಗೆ ಬರುವವರೆಗೆ ಪಾನ್ ಡಬ್ಬಿಯವರನ್ನು ಅರ್ಧ ಖರ್ಚು ಕೇಳಿ. ಸಂಕೋಚ ಬೇಡ. ಮಾರಿದ ಲಾಭ ಅವರದ್ದು, ಬೆಂಕಿ ಹತ್ತಿದರೆ ಮೊದಲು ಸುಡುವುದೂ ಅವರ ಮರದ ಡಬ್ಬಿಯೇ.

ಖಾಲಿ ಮಾಡುವ ದಿನ ಗಟ್ಟಿಮಾಡಿಕೊಳ್ಳಿ. ವಾರಕ್ಕೆ ಎರಡು ಸಲ ಸಾಕು. ರಾತ್ರಿ ಅಂಗಡಿ ಮುಚ್ಚುವಾಗ ಬೇಡ, ಒಳಗೆ ಇನ್ನೂ ಕಿಡಿ ಇರಬಹುದು. ಬೆಳಿಗ್ಗೆ ತಣ್ಣಗಿರುವಾಗ ಮಾಡಿ. ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಉಸುಕು ಸಾಣಿಗೆಯಲ್ಲಿ ಹಿಡಿಯಿರಿ. ಅಡುಗೆಯ ಸಾಣಿಗೆ ಬೇಡ, ಬೇರೆಯದೇ ಇಡಿ. ಮೋಟುಗಳನ್ನು ಹಳೆ ಪೇಪರಿನಲ್ಲಿ ಗಟ್ಟಿ ಕಟ್ಟಿ ಕಸದ ಗಾಡಿಗೆ ಕೊಡಿ. ಹಸಿ ಕಸಕ್ಕೆ ಸೇರಿಸಬೇಡಿ, ಅದು ಗೊಬ್ಬರವಾಗಿ ಯಾರದೋ ಹೊಲ ಸೇರುತ್ತದೆ. ಸುಡಲೂ ಬೇಡಿ. ಗಾಡಿಯ ಅಕ್ಕನಿಗೆ ಒಳಗೇನಿದೆ ಅಂತ ಬಾಯಿಬಿಟ್ಟು ಹೇಳಿ ಕೊಡಿ. ಅವರು ಬರಿಗೈಲಿ ಬಿಚ್ಚಬಾರದು.

ಡಬ್ಬಿ ಕಟ್ಟುವ ಮುಂಚೆ ಒಂದು ವಾರ, ಕಟ್ಟಿದ ಮೇಲೆ ಒಂದು ವಾರ, ನೆಲಕ್ಕೆ ಬಿದ್ದ ತುಂಡು ಎಣಿಸಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಆ ಲೆಕ್ಕ ನನಗೆ ಕಳಿಸಿ. ಅದನ್ನು ಇದೇ ಪುಟದಲ್ಲಿ ಹಾಕುತ್ತೇನೆ, ಬಸ್ ಸ್ಟ್ಯಾಂಡಿನ ಗೇಟಿಗೆ ಡಬ್ಬಿ ಕೇಳುವಾಗ ಅದನ್ನೇ ಮುಂದಿಡುತ್ತೇನೆ. ಕಡಿಮೆಯಾಗದಿದ್ದರೂ ಬರೆಯಿರಿ, ಜಾಗ ಬದಲಿಸಿ ನೋಡೋಣ. ಹೊಸ ಹತ್ತಿ ಗಂಜ್‌ಗೆ ಬರಲು ಶುರುವಾಗುವ ಮುಂಚೆ ಎರಡನೆಯ ಡಬ್ಬಿಯೂ ನಿಂತಿರಲಿ. ಅದು ಗಾಡಿಗಳು ಸಾಲು ನಿಲ್ಲುವ ಕಡೆಗೆ.